ಯಾರೂ ಕದಿಯಲಾಗದ ಟ್ರ್ಯಾಕ್ಟರ್

ಮರದ ಡಿಪೋದ ಗೇಟಿನಲ್ಲಿ ಚಿಲಕಣ್ಣ ಕಾವಲು ಕಾದ ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ದಿಮ್ಮಿಯೂ ಕಳುವಾಗಲಿಲ್ಲ. ಒಂದೊಂದು ದಿಮ್ಮಿಯನ್ನು ಎತ್ತಲು ಹದಿನಾಲ್ಕು ಆಳು ಮತ್ತು ಒಂದು ಕ್ರೇನು ಬೇಕಾಗುತ್ತಿತ್ತು ಎಂಬುದು ನಿಜವಾದರೂ, ಆ ಮಾತನ್ನು ಅವನೆದುರು ಆಡಿದವರು ಅವನ ಮನೆಯಲ್ಲಿ ಆಮೇಲೆ ಒಂದು ಲೋಟ ನೀರನ್ನೂ ಕಂಡಿಲ್ಲ. ಅವನ ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿತ್ತು. ಮನೆಯ ಉಪ್ಪಿನ ಡಬ್ಬಿಗೆ ಕೊಂಡಿ, ಛತ್ರಿಗೆ ಸರಪಳಿ, ಹಲ್ಲುಜ್ಜುವ ಬ್ರಶ್ಶಿಗೆ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈಗೆ ಇನ್ನೊಂದು ಪೆಟ್ಟಿಗೆ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಐದು ಚಿಲಕ. ಸ್ನಾನ ಮುಗಿಸಿ ಐದನ್ನೂ ತೆಗೆಯುವಷ್ಟರಲ್ಲಿ ಅವನ ಮೈ ಒಣಗಿ, ಬೆವರಿ, ಮತ್ತೊಂದು ಸ್ನಾನಕ್ಕೆ ಸಿದ್ಧವಾಗಿರುತ್ತಿತ್ತು.

ಎರಡು ವರ್ಷದ ಹಿಂದೆ ಡಿಪೋ ಮುಚ್ಚಿತು. ಬೀಳ್ಕೊಡುಗೆಯ ದಿನ ಬೇರೆಯವರಿಗೆಲ್ಲ ಗೋಡೆ ಗಡಿಯಾರ ಸಿಕ್ಕಿತು. ಚಿಲಕಣ್ಣನ ಸರದಿ ಬರುವಷ್ಟರಲ್ಲಿ ಗಡಿಯಾರ ಮುಗಿದು ಹೋಗಿದ್ದರಿಂದ, ದಿಮ್ಮಿ ಎಳೆಯುತ್ತಿದ್ದ ಹಳೆಯ ಪೆಟ್ರೋಲ್ ಟ್ರ್ಯಾಕ್ಟರನ್ನೇ ನೆನಪಿನ ಕಾಣಿಕೆಯೆಂದು ಕೊಟ್ಟುಬಿಟ್ಟರು. ಅಂದಿನಿಂದ ಮನೆ ನಡೆದದ್ದು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ. ಚಿಲಕಣ್ಣ ದಿನವೂ ಟ್ರ್ಯಾಕ್ಟರನ್ನು ಒರೆಸಿ, ಅಂಗಳದಲ್ಲಿ ಒಂದು ಸುತ್ತು ಹೊಡೆದು, ಯಾರೂ ಹೇಳದ ಕೆಲಸವನ್ನು ಮಾಡಿ ಮುಗಿಸಿದವನ ಆಯಾಸದಿಂದ ಊಟಕ್ಕೆ ಕೂರುತ್ತಿದ್ದ. ಒಂದು ಬೆಳಿಗ್ಗೆ ಹೆಂಡತಿ ಟೇಪು ಹಿಡಿದು ಬಂದು ಟ್ರ್ಯಾಕ್ಟರಿನ ಶೆಡ್ಡಿನ ಉದ್ದಗಲ ಅಳೆಯತೊಡಗಿದಳು.

"ಏನೇ ಇದು, ಶೆಡ್ಡಿಗೆ ಅಂಗಿ ಹೊಲೀತೀಯಾ?"

"ಬಟ್ಟೆ ಕತ್ತರಿಸೋಕೆ ದೊಡ್ಡ ಮೇಜು ಬೇಕ್ರೀ. ಇಲ್ಲಿ ಸರಿಯಾಗಿ ಕೂರತ್ತೆ. ಈ ತಿಂಗಳು ನೋಡೋಣ. ಗಾಡಿಗೊಂದು ಕೆಲಸ ಸಿಕ್ರೆ ಅದೇ ಇರ್ಲಿ. ಇಲ್ಲಾಂದ್ರೆ ಗುಜರಿಯವನಿಗೆ ಬರೋಕೆ ಹೇಳ್ತೀನಿ."

ಕೋಪದಿಂದ ಹೇಳಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಅವಳು ಅಳತೆಯನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾ ಹೇಳಿದಳು. ಬರೆದುಕೊಂಡು ಹೇಳಿದ ಮಾತನ್ನು ಅವಳು ಈ ಹಿಂದೆ ಒಮ್ಮೆಯೂ ತಪ್ಪಿದ್ದಿಲ್ಲ.

ಅದೃಷ್ಟ ನೋಡಿ, ಅದೇ ವಾರ ಪೇಟೆಯ ಗ್ರಂಥಾಲಯದ ಗೋಡೆಗೆ ಒಂದು ನೋಟೀಸು ಬಿತ್ತು. ಪುಸ್ತಕ ತುಂಬಿದ ಟ್ರೈಲರನ್ನು ಸುತ್ತಲಿನ ಹನ್ನೊಂದು ಹಳ್ಳಿಗಳಿಗೆ ಎಳೆದೊಯ್ಯಲು ಸ್ವಂತ ಟ್ರ್ಯಾಕ್ಟರ್ ಇರುವ ಚಾಲಕ ಬೇಕು, ಕೆಲಸ ಕಾಯಂ. ಚಿಲಕಣ್ಣ ಓಡಿಹೋಗಿ ಅರ್ಜಿ ಹಾಕಿದ. ಗ್ರಂಥಪಾಲಕಿ ಎರಡು ವಾರ ಬಿಟ್ಟು ಬುಧವಾರ ಹನ್ನೊಂದು ಗಂಟೆಗೆ ಮನೆಗೇ ಬಂದು ಗಾಡಿಯ ಪರೀಕ್ಷೆ ಮಾಡುವುದೆಂದು ಗೊತ್ತಾಯಿತು. ತಳ್ಳುವಂತಿಲ್ಲ, ಹಗ್ಗ ಕಟ್ಟಿ ಎಳೆಯುವಂತಿಲ್ಲ. ಕೀಲಿ ತಿರುಗಿಸಬೇಕು, ಗಾಡಿ ಹೊರಡಬೇಕು. ಅಷ್ಟೇ.

ಇಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಕೆಟ್ಟದ್ದು ಷಡ್ಡಕನಿಂದ.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಹೊಸ ಟ್ರ್ಯಾಕ್ಟರ್ ಕೊಂಡಿದ್ದ. ಅದರ ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ; ಕೂತರೆ ಚರಚರ ಸದ್ದಾಗಬೇಕು, ಆ ಸದ್ದು ಮೂರು ಬೀದಿಗೆ ಕೇಳಬೇಕು. ಒಂದು ದಿನ ಟೀ ಅಂಗಡಿಯಲ್ಲಿ ನಾಲ್ಕು ಜನರೆದುರು ಅವನು ಶುರುಮಾಡಿದ.

"ಅಣ್ಣಾ, ನನ್ನ ಗಾಡೀಲಿ ಕಂಪನಿ ಲಾಕ್ ಇದೆ. ಕಳ್ಳ ತಲೆಕೆಳಗಾಗಿ ನಿಂತ್ರೂ ಜಪ್ಪಯ್ಯ ಅನ್ನಲ್ಲ. ನಿಮ್ದು ಬಿಡಿ, ಕಿವಿ ಕೆರಕೊಳ್ಳೋ ಕಡ್ಡಿ ಹಾಕಿ ತಿರುಗಿಸಿದ್ರೂ ಹೊರಟುಬಿಡತ್ತೆ."

ಇಪ್ಪತ್ತೆರಡು ವರ್ಷದ ಕಾವಲುಗಾರನ ಮುಖಕ್ಕೆ ಹೇಳುವ ಮಾತೇ ಇದು! ಚಿಲಕಣ್ಣ ಟೀ ಲೋಟವನ್ನು ಕುಕ್ಕಿ ಎದ್ದು ನಿಂತ. "ನನ್ನ ಗಾಡೀನ ಈ ಭೂಮಿ ಮೇಲೆ ಹುಟ್ಟಿದ ಯಾವ ಕಳ್ಳನೂ ಸ್ಟಾರ್ಟ್ ಮಾಡೋಕಾಗಲ್ಲ. ತಿಳ್ಕೋ!"

ಹೇಳಿದ ಮೇಲೆ ಅದನ್ನು ನಿಜ ಮಾಡಬೇಕಲ್ಲ. ಡಿಪೋದ ಆಫೀಸು ಕಳಚುವಾಗ ಗೋಡೆಯಿಂದ ಬಿಚ್ಚಿ ತಂದಿದ್ದ ಗುಂಡನೆಯ ಕಪ್ಪು ಸ್ವಿಚ್ಚುಗಳು ಮನೆಯಲ್ಲಿದ್ದವು. ಬ್ಯಾಟರಿಯಿಂದ ಕಾಯಿಲ್ಲಿಗೆ ಹೋಗುವ ವೈರನ್ನು ಮಧ್ಯದಲ್ಲಿ ಕತ್ತರಿಸಿ, ಸೀಟಿನ ಕೆಳಗೆ ಒಂದು ಸ್ವಿಚ್ಚು ಅಡಗಿಸಿದ. ಕಾಯಿಲ್ ಎಂದರೆ ಇಂಜಿನ್ನಿಗೆ ಕಿಡಿ ಹುಟ್ಟಿಸುವ ಡಬ್ಬಿ. ಅದಕ್ಕೆ ಕರೆಂಟು ಹೋಗದಿದ್ದರೆ ಇಂಜಿನ್ನು ಗರಗರ ಸುತ್ತುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಉಪಾಯ ಚೆನ್ನಾಗಿಯೇ ಇತ್ತು.

ಮರುದಿನ ಕ್ಷೌರದವನು ಕತ್ತರಿ ಆಡಿಸುತ್ತಾ, "ಸೀಟಿನ ಕೆಳಗೆ ಏನಾದ್ರೂ ಇಟ್ಟಿದ್ದೀರಾ ಹೇಗೆ?" ಎಂದು ಸುಮ್ಮನೆ ಕೇಳಿದ. ಅರ್ಧ ಕ್ಷೌರಕ್ಕೇ ಎದ್ದು ಬಂದ ಚಿಲಕಣ್ಣ ಮಡ್‌ಗಾರ್ಡಿನ ಒಳಗೆ ಎರಡನೆಯ ಸ್ವಿಚ್ಚು ಹಾಕಿದ. ಹಾಲಿನವಳ ಎಮ್ಮೆ ಆ ಮಡ್‌ಗಾರ್ಡನ್ನು ಮೂಸಿ ನೋಡಿತು. ಮೂರನೆಯದು ಟೂಲ್ ಬಾಕ್ಸಿನ ಹಿಂದೆ ಬಿತ್ತು. ಹೀಗೆ ಯಾರು ಗಾಡಿಯ ಯಾವ ಮೂಲೆಯನ್ನು ನೋಡಿದರೂ ಇನ್ನೊಂದು ಮೂಲೆಯಲ್ಲಿ ಹೊಸ ಸ್ವಿಚ್ಚು. ಹಳೆಯದನ್ನು ತೆಗೆಯೋಣವೆಂದರೆ ಅದಕ್ಕೆ ಸುತ್ತಿದ ಕಪ್ಪು ಟೇಪು ಬಿಚ್ಚಲು ಬರುತ್ತಿರಲಿಲ್ಲ, ಹಾಗಾಗಿ ಎಲ್ಲವೂ ಒಂದರ ಹಿಂದೊಂದು ಅದೇ ವೈರಿನಲ್ಲಿ ಉಳಿದವು. ಕೆಲವನ್ನು ಬೇಕೆಂದೇ ತಲೆಕೆಳಗಾಗಿ ಕೂರಿಸಿದ. ಕಳ್ಳ ಕೆಳಕ್ಕೆ ಒತ್ತುತ್ತಾನೆ, ಇದು ಮೇಲಕ್ಕೆ ಒತ್ತಿದರೆ ಆನ್! ಈ ಯೋಚನೆ ಹೊಳೆದ ಖುಷಿಗೆ ಅವನು ಶೆಡ್ಡಿನಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದ.

ದಿನಬಳಕೆಗೆ ಎಲ್ಲಕ್ಕಿಂತ ಹೊಸದೊಂದನ್ನು ಮಾತ್ರ ಆಫ್ ಮಾಡುತ್ತಿದ್ದ, ಉಳಿದವು ಆನ್ ಆಗಿಯೇ ಇರುತ್ತಿದ್ದವು. ಮಂಗಳವಾರ ಸಂಜೆ ಮಾತ್ರ, ನಾಳೆ ಪರೀಕ್ಷೆಯಲ್ಲವೇ ಎಂದು, ಹೆಚ್ಚಿನ ಭದ್ರತೆಗೆ, ಎಣಿಸುವ ಗೋಜಿಗೆ ಹೋಗದೆ, ಕೈಗೆ ಸಿಕ್ಕಿದ್ದನ್ನೆಲ್ಲ ಆಫ್ ಮಾಡಿದ. ಅಂದು ಬಂದಂಥ ನಿದ್ದೆ ಅವನಿಗೆ ಜನ್ಮದಲ್ಲೇ ಬಂದಿರಲಿಲ್ಲ.

ಬುಧವಾರ ಒಂಬತ್ತಕ್ಕೆ ನೆನಪಿದ್ದ ಸ್ವಿಚ್ಚುಗಳನ್ನೆಲ್ಲ ಒತ್ತಿ ಕೀಲಿ ತಿರುಗಿಸಿದ. ಗರಗರಗರ. ಇಂಜಿನ್ನು ಸುತ್ತಿತು, ಹೊತ್ತಿಕೊಳ್ಳಲಿಲ್ಲ. ಯಾವುವು ತಲೆಕೆಳಗಾದವು? ಎಡ ಮಡ್‌ಗಾರ್ಡಿನದೇ? ಟೂಲ್ ಬಾಕ್ಸಿನದೇ? ಅಥವಾ ಅದು ನೆಟ್ಟಗಿದ್ದು ತಾನು ಆವತ್ತು ತಲೆಕೆಳಗಾಗಿ ಮಲಗಿ ಹಾಕಿದ್ದೇ? ಕಳ್ಳನಿಗೆಂದು ತೋಡಿದ ಹಳ್ಳ ಅಳತೆಗೆ ಸರಿಯಾಗಿ ಚಿಲಕಣ್ಣನದೇ ಆಗಿತ್ತು.

ಒಂಬತ್ತೂವರೆಗೆ ಮೆಕ್ಯಾನಿಕ್ ಬಂದ. ಇಂಜಿನ್ನಿನ ವಾಸನೆ ನೋಡಿಯೇ ರೋಗ ಹೇಳುವವನು. ಪ್ಲಗ್ ಬಿಚ್ಚಿ, ಇಂಜಿನ್ನಿನ ಮೈಗೆ ತಾಗಿಸಿ ಹಿಡಿದು, "ಸೆಲ್ಫ್ ಹೊಡೀರಿ" ಎಂದ. ಚಿಲಕಣ್ಣ ಕೀಲಿ ತಿರುಗಿಸಿದ. ಪ್ಲಗ್ಗಿನ ತುದಿಯಲ್ಲಿ ಮಿಂಚುಹುಳುವಿನಷ್ಟು ಬೆಳಕೂ ಇಲ್ಲ.

"ಕಿಡಿ ಇಲ್ಲ. ಪ್ಲಗ್ ಹೋಗಿದೆ," ಎಂದ. ಹೊಸ ಪ್ಲಗ್ ಹಾಕಿದರೂ ಕಿಡಿ ಇಲ್ಲ. "ಪಾಯಿಂಟ್ ಹೋಗಿದೆ," ಎಂದು ಕಾಯಿಲ್ಲಿನ ಕರೆಂಟನ್ನು ಕಡಿದು ಕೂಡಿಸುವ ಆ ಪುಟ್ಟ ತಗಡನ್ನು ಮರಳು ಕಾಗದದಿಂದ ಉಜ್ಜಿದ. ಇಲ್ಲ. "ಹಾಗಾದ್ರೆ ಕಾಯಿಲ್ಲೇ ಸತ್ತಿದೆ. ನನ್ನ ಮಾತು ಸುಳ್ಳಾದ್ರೆ ಈ ಮೀಸೆ ಬೋಳಿಸ್ತೀನಿ!"

ಅಷ್ಟರಲ್ಲಿ ಬೀದಿಗೆ ಬೀದಿಯೇ ಅಂಗಳದಲ್ಲಿತ್ತು. ನಲವತ್ತು ಜನ ಎಂದರೆ ಕಮ್ಮಿ ಹೇಳಿದಂತೆ. ಷಡ್ಡಕ ತನ್ನ ಹೊಸ ಟ್ರ್ಯಾಕ್ಟರನ್ನು ಗೇಟಿನಲ್ಲಿ ನಿಲ್ಲಿಸಿ, ಚರಚರ ಸದ್ದಿನ ಸೀಟಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇಷ್ಟು ಜನರೆದುರು, ಅದರಲ್ಲೂ ಅವನೆದುರು, 'ನನ್ನ ಸ್ವಿಚ್ಚು ನನಗೇ ಗೊತ್ತಾಗುತ್ತಿಲ್ಲ' ಎಂದು ಬಾಯಿಬಿಡುವುದಕ್ಕಿಂತ ಚಿಲಕಣ್ಣ ಬಾನೆಟ್ಟಿನೊಳಗೆ ತಲೆಯಿಟ್ಟು ಕಣ್ಮರೆಯಾಗಲು ತಯಾರಿದ್ದ. ಮೆಕ್ಯಾನಿಕ್ ಬಗ್ಗಿದಾಗಲೆಲ್ಲ ಅವನು ಗಾಡಿಯ ಸುತ್ತ ತಿರುಗುತ್ತಾ, ಮಡ್‌ಗಾರ್ಡಿನ ಕೆಳಗೆ, ಸೀಟಿನ ಹಿಂದೆ, ಹೊಟ್ಟೆಯ ಅಡಿಗೆ ಮೆಲ್ಲಗೆ ಕೈ ತೂರಿಸಿ ಸ್ವಿಚ್ಚುಗಳನ್ನು ಅದಲುಬದಲು ಮಾಡತೊಡಗಿದ.

"ಅಯ್ಯೋ ಪಾಪ, ಹೇಗೆ ಸವರ್ತಿದ್ದಾನೆ ನೋಡಿ," ಎಂದಳು ಎದುರುಮನೆಯ ಅಜ್ಜಿ, ಸೆರಗಿನಿಂದ ಕಣ್ಣೊರೆಸಿಕೊಂಡು. "ನಮ್ಮ ಕೆಂಪು ಹಸು ಮಲಗಿದಾಗ ನಮ್ಮೆಜಮಾನ್ರೂ ಹೀಗೇ ಸವರ್ತಿದ್ರು."

ಚಿಲಕಣ್ಣ ಹೆಡ್‌ಲೈಟಿನ ಪಕ್ಕಕ್ಕೆ ಬಗ್ಗಿದ.

"ಈಗ ಕಿವೀಲಿ ಏನೋ ಹೇಳ್ತಿದ್ದಾನೆ!"

"ಅಣ್ಣಾ, ಮುದ್ದು ಮಾಡಿದ್ದು ಸಾಕು, ಒಂದ್ಸಲ ಗದರಿಸಿ ನೋಡಿ," ಎಂದ ಷಡ್ಡಕ.

"ಸುಮ್ನಿರಪ್ಪಾ ನೀನು! ಚಳಿ ಹಿಡಿದಿರತ್ತೆ ಅದಕ್ಕೆ," ಎಂದು ಅಜ್ಜಿ ತನ್ನ ಕಂಬಳಿಯನ್ನು ತಂದು ಬಾನೆಟ್ಟಿಗೆ ಹೊದಿಸಿದಳು. ಅದನ್ನು ನೋಡಿ ಪಕ್ಕದ ಮನೆಯವರು ಒಂದು ತಂದರು. ಇನ್ನೊಬ್ಬರು ರಜಾಯಿ ತಂದರು. ಬೀದಿಯಲ್ಲಿ ಒಬ್ಬರಿಗೆ ಕಾಯಿಲೆಯಾದಾಗಲೂ ಇಷ್ಟು ಹೊದಿಕೆ ಹೊರಬಂದಿರಲಿಲ್ಲ.

ಆಗ ನಿವೃತ್ತ ಲೆಕ್ಕದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು. "ಇಷ್ಟು ಜನ ದಿಟ್ಟಿಸ್ತಾ ಇದ್ರೆ ಯಾರಿಗೆ ತಾನೇ ಕೆಲಸ ಮಾಡೋಕಾಗತ್ತೆ? ನಲವತ್ತು ವರ್ಷ ಪರೀಕ್ಷೆ ನಡೆಸಿದ್ದೀನಿ, ನನಗೆ ಗೊತ್ತು. ಎಲ್ಲರೂ ಗೋಡೆ ಕಡೆ ತಿರುಗಿ!"

ಮೇಷ್ಟ್ರ ದನಿಗೆ ಹಳೆಯ ಅಭ್ಯಾಸದಂತೆ ಇಡೀ ಬೀದಿ ಗೋಡೆಯ ಕಡೆ ತಿರುಗಿ ನಿಂತಿತು. ಈ ಭಾಗ್ಯವನ್ನು ಚಿಲಕಣ್ಣ ಕೈಬಿಡಲಿಲ್ಲ. ಏಳು ಸ್ವಿಚ್ಚುಗಳನ್ನೂ ಬೇರೆಬೇರೆ ಥರ ಒತ್ತಿ, ಓಡಿಬಂದು ಕೀಲಿ ತಿರುಗಿಸಿದ. ಗರ್... ಗರ್... ಗ್ರ.

"ನಿಲ್ಸಿ ನಿಲ್ಸಿ!" ಮೆಕ್ಯಾನಿಕ್ ಕೂಗಿದ. "ಬ್ಯಾಟರಿ ಬಸವಳಿದಿದೆ. ಇನ್ನೊಂದೇ ಒಂದು ಸಲಕ್ಕೆ ಉಸಿರಿದೆ. ಆಮೇಲೆ ದೇವರೇ ಗತಿ."

ಗಂಟೆ ಹತ್ತೂಮುಕ್ಕಾಲು. ಚಿಲಕಣ್ಣನ ಕಣ್ಣಿಗೆ ಶೆಡ್ಡಿನಲ್ಲಿ ಆಗಲೇ ದೊಡ್ಡದೊಂದು ಮೇಜು ಕಾಣತೊಡಗಿತು.

ಅದೇ ಗಳಿಗೆಗೆ ಹೆಂಡತಿ ಕೊರಳಿಗೆ ಟೇಪು ನೇತುಹಾಕಿಕೊಂಡು ಒಳಗಿನಿಂದ ಬಂದಳು. "ಯಾರೋ ಬಂದು ಟ್ರ್ಯಾಕ್ಟರಿಗೆ ಅಂತ ದುಪ್ಪಟಿ ಕೇಳಿದ್ರು. ಏನಾಗ್ತಿದೆ ಇಲ್ಲಿ?" ಎಂದವಳು, ಗೋಡೆ ನೋಡುತ್ತಾ ನಿಂತ ಜನರನ್ನೂ, ರಜಾಯಿ ಹೊದ್ದ ಗಾಡಿಯನ್ನೂ, ಭುಜದವರೆಗೆ ಮಡ್‌ಗಾರ್ಡಿನೊಳಗೆ ಇಳಿದುಹೋಗಿದ್ದ ಗಂಡನ ತೋಳನ್ನೂ ಒಮ್ಮೆ ನೋಡಿದಳು. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು.

"ರೀ, ಎಷ್ಟಿವೆ?"

"ಏನೆಷ್ಟು?"

"ನನ್ನ ಹತ್ರ ನಾಟಕ ಬೇಡ. ಮನೇಲಿ ಕಪ್ಪು ಟೇಪು ಒಂದು ಚೂರೂ ಉಳಿದಿಲ್ಲ. ಡಿಪೋ ಸ್ವಿಚ್ಚೂ ಇಲ್ಲ. ಎಷ್ಟು ಹಾಕಿದ್ದೀರಿ?"

"ಏಳು," ಎಂದು ಚಿಲಕಣ್ಣ ಪಿಸುಗುಟ್ಟಿದ. "ಎಲ್ಲ ಒಂದೇ ವೈರಲ್ಲಿ. ಕೆಲವು ತಲೆಕೆಳಗೆ. ಯಾವುವು ಅಂತ..."

ಮಾರು ದೂರದಲ್ಲಿದ್ದ ಮೇಷ್ಟ್ರ ಕಿವಿ ನಿಮಿರಿತು. ಗುಟ್ಟಿನ ಬಗ್ಗೆ ಅವರಿಗೆ ಆಸಕ್ತಿಯಿರಲಿಲ್ಲ. ಲೆಕ್ಕ ಕಂಡರೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿದರು. "ಏಳು, ಒಂದೊಂದಕ್ಕೂ ಎರಡು ಸ್ಥಿತಿ. ನೂರ ಇಪ್ಪತ್ತೆಂಟು ಬಗೆ. ಬಗೆಗೊಂದು ನಿಮಿಷ ಅಂದ್ರೂ ಎರಡು ಗಂಟೆ ಎಂಟು ನಿಮಿಷ. ಉಳಿದಿರೋದು ಕಾಲು ಗಂಟೆ!" ಅವರ ಮುಖದಲ್ಲಿ ದುಃಖಕ್ಕಿಂತ ಆನಂದವೇ ಹೆಚ್ಚಿತ್ತು.

"ದಾರ ಕಡಿದ್ರೆ ನಾನು ನೂರ ಇಪ್ಪತ್ತೆಂಟು ಥರ ಹೊಲಿದು ನೋಡಲ್ಲ ಮೇಷ್ಟ್ರೇ," ಎಂದಳು ಹೆಂಡತಿ. "ದಾರದುಂಡೆಯಿಂದ ಶುರು ಮಾಡಿ ಸೂಜಿವರೆಗೆ ಬೆರಳಾಡಿಸ್ತೀನಿ. ಎಲ್ಲಿ ಕಡಿದಿದೆಯೋ ಅಲ್ಲಿ ಸಿಗತ್ತೆ." ಮೆಕ್ಯಾನಿಕ್ಕಿನ ಕಡೆ ತಿರುಗಿ, "ಕರೆಂಟು ನೋಡೋ ಬಲ್ಬ್ ಇದೆಯಲ್ಲ, ಕೊಡಿ ಇಲ್ಲಿ," ಎಂದಳು.

ಎರಡು ವೈರು ಬಾಲದಂತೆ ನೇತಾಡುವ ಪುಟ್ಟ ಬಲ್ಬು ಅದು. ಒಂದು ವೈರನ್ನು ಗಾಡಿಯ ಮೈಗೆ ಸಿಕ್ಕಿಸಿ, ಇನ್ನೊಂದನ್ನು ಮೊದಲು ಬ್ಯಾಟರಿಗೆ ಮುಟ್ಟಿಸಿದಳು. ಉರಿಯಿತು. ಕೀಲಿ ತಿರುಗಿಸಿಟ್ಟು, ಕೀಲಿಯ ಆಚೆ ಬದಿಗೆ ಮುಟ್ಟಿಸಿದಳು. ಉರಿಯಿತು. ಅಲ್ಲಿಂದ ವೈರು ಹಿಡಿದು ಸೀಟಿನ ಕೆಳಗೆ ಬಂದಳು. ಸ್ವಿಚ್ಚಿನ ಈಚೆ ಉರಿಯಿತು, ಆಚೆ ಇಲ್ಲ. ಟಕ್ಕೆಂದು ಸ್ವಿಚ್ಚು ತಿರುಗಿಸಿದಳು. ಆಚೆಯೂ ಉರಿಯಿತು.

ಮೆಕ್ಯಾನಿಕ್ ಸ್ವಿಚ್ಚನ್ನು ನೋಡಿ ಬಾಯಿ ತೆರೆದ. "ಇದೇನಮ್ಮಾ, ಇಲ್ಲಿ—"

"ಕಾಯಿಲ್ ಸತ್ತಿದೆ ಅಂದ್ರಲ್ಲ, ನಿಮ್ಮ ಮೀಸೆ ಮೇಲೆ ಆಸೆ ಇದ್ರೆ ಸುಮ್ನೆ ವೈರು ಹಿಡ್ಕೊಳ್ಳಿ."

ಮೆಕ್ಯಾನಿಕ್ ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು ವೈರು ಹಿಡಿದ. ಮಡ್‌ಗಾರ್ಡು, ಟೂಲ್ ಬಾಕ್ಸು, ಕ್ಲಚ್ಚಿನ ಹಿಂದೆ, ಬ್ರೇಕಿನ ಪೆಡಲ್ಲಿನ ಹಿಂದೆ. ಎರಡು, ಮೂರು, ನಾಲ್ಕು, ಐದು. ಗೇಟಿನ ಕಡೆಯ ಗುಸುಗುಸು ಥಟ್ಟನೆ ನಿಂತಿತು. ಗ್ರಂಥಪಾಲಕಿ ಬಂದಿದ್ದರು. ಗಿಡ್ಡನೆಯ ಹೆಂಗಸು, ಕಂಕುಳಲ್ಲಿ ಫೈಲು. ಅವರು ಮಾತಾಡುವುದು ಎಷ್ಟು ಮೆಲ್ಲಗೆಂದರೆ, ಕೇಳಿಸಿಕೊಳ್ಳಲು ಊರೇ ಉಸಿರು ಬಿಗಿಹಿಡಿಯಬೇಕು. ಗೋಡೆಗೆ ಮುಖಮಾಡಿ ನಿಂತಿದ್ದ ಜನರನ್ನು ಅಚ್ಚರಿಯಿಲ್ಲದೆ ನೋಡಿ, ಜಗಲಿಯ ಮೇಲಿದ್ದ ಹೊಲಿಗೆಯ ಸ್ಟೂಲು ಎಳೆದುಕೊಂಡು ಕೂತರು. "ಹನ್ನೊಂದಕ್ಕೆ ಇನ್ನೂ ನಾಲ್ಕು ನಿಮಿಷ ಇದೆ. ಮುಂದುವರಿಸಿ."

ಆರು. ಏಳು. ಹೆಂಡತಿ ಬಲ್ಬನ್ನು ಕಾಯಿಲ್ಲಿಗೆ ಮುಟ್ಟಿಸಿದಳು. ಉರಿಯಲಿಲ್ಲ.

"ರೀ, ಇನ್ನೂ ಇದೆ."

"ಇಲ್ಲ ಕಣೇ. ಏಳೇ. ಆಣೆಗೂ ಏಳೇ."

ಅವಳು ವೈರಿನ ಗುಂಟ ಬೆರಳಾಡಿಸುತ್ತಾ ಹೋಗಿ ಹೆಡ್‌ಲೈಟಿನ ಬುರುಡೆಯೊಳಗಿಂದ ಎಂಟನೆಯದನ್ನೂ, ಬಾನೆಟ್ಟಿನ ಮೂಲೆಯಲ್ಲಿ ಗ್ರೀಸಿನೊಳಗೆ ಹೂತಿದ್ದ ಒಂಬತ್ತನೆಯದನ್ನೂ ಹೊರತೆಗೆದು ತಿರುಗಿಸಿದಳು. ಚಿಲಕಣ್ಣನಿಗೆ ನಿಜವಾಗಿಯೂ ರೋಷ ಬಂತು. "ನನ್ನ ಗಾಡೀಲಿ ಸ್ವಿಚ್ಚು ಹಾಕೋಕೆ ಯಾವನಿಗೆ ಇಷ್ಟು ಧೈರ್ಯ! ಯಾವನೋ ಕಳ್ಳನೇ—" ಎನ್ನುತ್ತಾ ಬಗ್ಗಿ ನೋಡಿದ. ಸ್ವಿಚ್ಚಿನ ಕಪ್ಪು ಟೇಪಿನ ತುದಿಯಲ್ಲಿ, ಡಿಪೋದ ಗೇಟಿನ ಹಗ್ಗಕ್ಕೆ ಇಪ್ಪತ್ತೆರಡು ವರ್ಷ ಹಾಕಿದ್ದ ಅದೇ ಗಂಟು. ಜಗತ್ತಿನಲ್ಲಿ ಆ ಗಂಟನ್ನು ಹಾಕುವವನು ಒಬ್ಬನೇ.

"ಒಂಬತ್ತು ಅಂದ್ರೆ ಐನೂರ ಹನ್ನೆರಡು!" ಎಂದು ಮೇಷ್ಟ್ರು ಸುಖದಿಂದ ನಡುಗಿದರು. "ಎಂಟೂವರೆ ಗಂಟೆ!"

ಕಾಯಿಲ್ಲಿಗೆ ತಾಗಿಸಿದ ಬಲ್ಬು ಈಗ ಉರಿಯುತ್ತಿತ್ತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಗಂಡನನ್ನು ನೋಡಿದಳು. "ಹತ್ತಿ ಕೂತ್ಕೊಳ್ಳಿ."

ಒಂದೇ ಒಂದು ಸಲಕ್ಕೆ ಉಸಿರಿತ್ತು. ಚಿಲಕಣ್ಣ ಕೀಲಿ ತಿರುಗಿಸಿದ. ಗ್ರ... ಗ್... ಗ್... ನಿಂತೇ ಹೋಯಿತು ಎನ್ನುವಷ್ಟು ಹೊತ್ತು ನಿಂತು, ಆಮೇಲೆ ಢಮಾರ್! ಮೂರು ಬೀದಿಯಾಚೆಯ ಕಾಗೆಗಳು ಹಾರಿದವು, ಎರಡು ಕಂಬಳಿ ಮತ್ತು ಒಂದು ರಜಾಯಿ ಹಾರಿದವು, ಗೋಡೆ ನೋಡುತ್ತಿದ್ದ ನಲವತ್ತು ಜನ ಒಂದೇ ಏಟಿಗೆ ಈ ಕಡೆ ತಿರುಗಿದರು. ಟ್ರ್ಯಾಕ್ಟರು ಡುಗುಡುಗು ಎಂದು ನಡುಗುತ್ತಾ ನಿಂತಿತ್ತು. ಚಿಲಕಣ್ಣ ಅಂಗಳದಲ್ಲಿ ಒಂದು ಸುತ್ತು ಹೊಡೆದ. ಆ ಸುತ್ತಿನಲ್ಲಿ ಅವನ ಎದೆ ಮೂರಿಂಚು ಅಗಲವಾಯಿತೆಂದು ನೋಡಿದವರು ಹೇಳುತ್ತಾರೆ. ಅಂಗಿಯ ಗುಂಡಿ ಹಾರಿದ್ದಂತೂ ಸತ್ಯ.

ಗ್ರಂಥಪಾಲಕಿ ಫೈಲು ತೆರೆದರು. "ಗಾಡಿ ಹೊರಟಿತು, ಸರಿ. ಆದ್ರೆ ಇಷ್ಟು ಹೊತ್ತು ಯಾಕೆ ಹೊರಡಲಿಲ್ಲ? ಇಲ್ಲಿ ಕಾರಣ ಬರೀಬೇಕು."

"ಹಳೇ ಗಾಡಿ ಮೇಡಂ," ಎಂದ ಷಡ್ಡಕ, ಸೀಟಿನಿಂದ ಇಳಿದು ಬಂದು. "ಇವತ್ತು ಹೀಗೆ. ನಾಳೆ ಯಾವ ಹಳ್ಳೀಲೋ, ನಡುದಾರೀಲೋ. ವಯಸ್ಸಾಯ್ತಲ್ಲ."

"ಮುದಿ ಇಂಜಿನ್ನು," ಎಂದು ಮೆಕ್ಯಾನಿಕ್ಕೂ ಮೀಸೆ ಉಳಿಸಿಕೊಳ್ಳುವ ಆತುರದಲ್ಲಿ ತಲೆಯಾಡಿಸಿದ.

ಗ್ರಂಥಪಾಲಕಿಯ ಪೆನ್ನು ಕಾಗದದ ಮೇಲೆ ಇಳಿಯುವುದರಲ್ಲಿತ್ತು. ಚಿಲಕಣ್ಣ ನೋಡಿದ. ಬಾಯಿ ಮುಚ್ಚಿಕೊಂಡರೆ ತನ್ನ ಮಾನ ಉಳಿಯುತ್ತದೆ, ಗಾಡಿ ಗುಜರಿಗೆ ಹೋಗುತ್ತದೆ. ಹೆಂಡತಿಯ ಕಡೆ ನೋಡಿದ. ಅವಳು ಟೇಪನ್ನು ಸುರುಳಿ ಸುತ್ತುತ್ತಿದ್ದಳು.

"ಮೇಡಂ, ಬರೀಬೇಡಿ," ಎಂದು ಗಾಡಿಯಿಂದ ಜಿಗಿದ. "ಗಾಡೀದು ಕೂದಲೆಳೆಯಷ್ಟೂ ತಪ್ಪಿಲ್ಲ. ಅದು ಕುದುರೆ. ತಪ್ಪೆಲ್ಲ ನಂದು. ಕಳ್ಳರು ಹೊತ್ಕೊಂಡು ಹೋಗ್ತಾರೆ ಅಂತ ಗುಟ್ಟಾಗಿ ಸ್ವಿಚ್ಚು ಇಟ್ಟೆ. ಒಂದಲ್ಲ, ಒಂಬತ್ತು. ಎಲ್ಲಿಟ್ಟೆ ಅಂತ ನನಗೇ ಮರೆತುಹೋಯ್ತು. ಹುಡುಕಿಕೊಟ್ಟಿದ್ದು ಇವಳು."

ಎದುರುಮನೆಯ ಅಜ್ಜಿ ಮೊದಲು ನಕ್ಕಳು. ಅಲ್ಲಿಂದ ನಗು ಗೋಡೆಯುದ್ದಕ್ಕೂ ಹಬ್ಬಿತು. ಷಡ್ಡಕ ಹೊಟ್ಟೆ ಹಿಡಿದುಕೊಂಡು ತನ್ನ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿದ. "ಅಣ್ಣಾ! ಹೇಳಿದ್ದು ನಿಜವೇ ಬಿಡಿ, ಯಾವ ಕಳ್ಳನೂ ಸ್ಟಾರ್ಟ್ ಮಾಡೋಕಾಗಲ್ಲ!"

ಗ್ರಂಥಪಾಲಕಿ ಮಾತ್ರ ನಗಲಿಲ್ಲ. ಒಂಬತ್ತು ಸ್ವಿಚ್ಚುಗಳನ್ನೂ ಕನ್ನಡಕದೊಳಗಿಂದ ಒಂದೊಂದಾಗಿ ನೋಡಿ ಬಂದು, ಫೈಲಿನಲ್ಲಿ ದುಂಡಗೆ ಬರೆದು, ಓದಿ ಹೇಳಿದರು. "ಯಂತ್ರ ಸುಸ್ಥಿತಿಯಲ್ಲಿದೆ. ಮಾಲೀಕರ ದುರಸ್ತಿ ಇಂದು ಮುಗಿದಿದೆ. ಸೋಮವಾರದಿಂದ ಕೆಲಸಕ್ಕೆ ಬರಬಹುದು. ಸ್ವಿಚ್ಚುಗಳನ್ನು ತೆಗೆದುಹಾಕಿ ಬನ್ನಿ."

ಸ್ವಿಚ್ಚುಗಳ ಕಪ್ಪು ಟೇಪು ಬಿಚ್ಚಲು ಹೆಂಡತಿಯ ದೊಡ್ಡ ಕತ್ತರಿಯೇ ಬೇಕಾಯಿತು. ಆಮೇಲೆ ಅವಳು ಅಳತೆಯ ಚೀಟಿಯನ್ನು ತೆಗೆದು, ಶೆಡ್ಡಿನ ಬದಲು ಪಡಸಾಲೆಯ ಅಳತೆ ಬರೆದುಕೊಂಡಳು. ಚಿಲಕಣ್ಣನ ಮಂಚ ಸ್ವಲ್ಪ ಈಚೆ ಸರಿಯಬೇ​ಕಾಗುತ್ತದೆ ಎಂದಳಷ್ಟೇ.

ಸೋಮವಾರ ಟ್ರೈಲರ್ ಕಂಡ ಚಿಲಕಣ್ಣ ಅದರ ಸುತ್ತ ಎರಡು ಸಲ ತಿರುಗಿದ. ಎರಡೂ ಬದಿಗೆ ಕಪಾಟು, ಕಪಾಟಿನ ತುಂಬ ಪುಸ್ತಕ, ಬಾಗಿಲೇ ಇಲ್ಲ. "ಮೇಡಂ, ಬೀಗ?"

"ಇಲ್ಲ," ಎಂದರು ಗ್ರಂಥಪಾಲಕಿ. "ಜನ ತಗೊಂಡು ಹೋಗ್ಲಿ ಅಂತಲೇ ಅಲ್ವಾ?"

ಮೊದಲ ಹಳ್ಳಿಯಲ್ಲಿ ಮರದ ನೆರಳಿಗೆ ಗಾಡಿ ನಿಲ್ಲಿಸಿದ್ದೇ ತಡ, ಜನ ಮುತ್ತಿಕೊಂಡರು. ಚಿಲಕಣ್ಣ ಎರಡೂ ಕೈಯನ್ನು ಬಗಲಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ನಿಂತ. ಒಬ್ಬಳು ಒಂದು ಪುಸ್ತಕ ಒಯ್ದಳು. ಅವನು ಎಂಜಲು ನುಂಗಿದ. ಇಬ್ಬರು ಅಕ್ಕತಂಗಿಯರು ಒಂದನ್ನೇ ಹಂಚಿಕೊಂಡು ಒಯ್ದರು. ಅವನು ಆಕಾಶ ನೋಡಿದ. ಆಮೇಲೆ ಬಿಳಿಗಡ್ಡದ ಮುದುಕರೊಬ್ಬರು ಇಟ್ಟಿಗೆಯಷ್ಟು ದಪ್ಪನೆಯ ಕಾದಂಬರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸರಸರ ಹೊರಟರು. ಇಪ್ಪತ್ತೆರಡು ವರ್ಷದ ಗಂಟಲು ತಾನೇ ತಾನಾಗಿ ಹೊಡೆದುಕೊಂಡಿತು.

"ಏಯ್! ನಿಲ್ರೀ ಅಲ್ಲಿ!"

ಇಡೀ ಹಳ್ಳಿ ಕಲ್ಲಾಯಿತು. ಮುದುಕರು ಹೆದರಿ ಪುಸ್ತಕವನ್ನು ಎದೆಗವಚಿಕೊಂಡರು. ಚಿಲಕಣ್ಣ ಏದುಸಿರು ಬಿಡುತ್ತಾ ಓಡಿಹೋಗಿ ಅವರೆದುರು ನಿಂತ. ಅವನ ಕೈಯಲ್ಲಿ ಅಷ್ಟೇ ದಪ್ಪನೆಯ ಇನ್ನೊಂದು ಪುಸ್ತಕವಿತ್ತು.

"ಇದರ ಎರಡನೇ ಭಾಗ ಅಲ್ಲೇ ಬಿಟ್ಟು ಹೊರಟ್ರಲ್ಲಾ ಯಜಮಾನ್ರೇ," ಎಂದ. "ಕಥೆ ಅರ್ಧಕ್ಕೆ ನಿಂತ್ರೆ ನಿದ್ದೆ ಬರತ್ತಾ ನಿಮಗೆ? ಇದನ್ನೂ ತಗೊಂಡು ಹೋಗಿ."